ರಾಲಿ–ಮೋರಿಸ್‌ವಿಲ್ ಕಡೆ ಬಾಡಿಗೆ ಮನೆ: "ಎರಡು ತಿಂಗಳು ಉಚಿತ" ಅಂದರೆ ನಿಜವಾದ ಬಾಡಿಗೆ ಎಷ್ಟು?

ರಾಲಿಗೆ_ಹೊಸಬ:

ನಮಸ್ಕಾರ. ಫೆಬ್ರವರಿ ಎರಡನೇ ವಾರ ಬೆಂಗಳೂರಿನಿಂದ ನಾರ್ತ್ ಕ್ಯಾರೊಲೈನಾದ ರಾಲಿಗೆ ಬರುತ್ತಿದ್ದೇವೆ. ನಾವಿಬ್ಬರು, ಒಂದನೇ ತರಗತಿಯ ಮಗಳು. ಆಫೀಸು ರಿಸರ್ಚ್ ಟ್ರಯಾಂಗಲ್ ಪಾರ್ಕಿನಲ್ಲಿ. ಎರಡು ಮನೆ ಗುರುತು ಮಾಡಿಟ್ಟಿದ್ದೇವೆ.

ಒಂದು, ಮೋರಿಸ್‌ವಿಲ್‌ನಲ್ಲಿ ಈಗಷ್ಟೇ ತೆರೆದ ಅಪಾರ್ಟ್‌ಮೆಂಟ್. 2 ಬೆಡ್‌ರೂಮ್, ಬಾಡಿಗೆ 1,680 ಡಾಲರ್, 14 ತಿಂಗಳ ಲೀಸ್, ಮೊದಲ 2 ತಿಂಗಳು ಉಚಿತ ಅಂತಾರೆ. ಇದರ ಮೇಲೆ ಕಸ, ಕೀಟನಾಶಕ, ಇಂಟರ್‌ನೆಟ್ ಅಂತ ತಿಂಗಳಿಗೆ 110 ಡಾಲರ್ ಕಡ್ಡಾಯ. ಅರ್ಜಿ ಶುಲ್ಕ ತಲಾ 75, ಅಡ್ಮಿನ್ ಶುಲ್ಕ 200.

ಇನ್ನೊಂದು, ಏಪೆಕ್ಸ್‌ನಲ್ಲಿ ಟೌನ್‌ಹೋಮ್. ಮಾಲೀಕರೇ ನೇರವಾಗಿ ಕೊಡುತ್ತಿದ್ದಾರೆ. 2,150 ಡಾಲರ್, 12 ತಿಂಗಳು. ನಮಗೆ ಅಮೆರಿಕದ ಕ್ರೆಡಿಟ್ ಹಿಸ್ಟರಿ ಇಲ್ಲ ಅಂತ 3 ತಿಂಗಳ ಡಿಪಾಸಿಟ್ ಕೇಳುತ್ತಿದ್ದಾರೆ.

ರಾಲಿಯಲ್ಲಿ ಬಾಡಿಗೆ ಇಳಿದಿದೆ ಅಂತಲೂ ಓದಿದೆ, ಏರುತ್ತಿದೆ ಅಂತಲೂ ಓದಿದೆ. ಯಾವುದನ್ನು ನಂಬಬೇಕು? ಉಚಿತ ತಿಂಗಳನ್ನು ಹೇಗೆ ಲೆಕ್ಕ ಹಿಡಿಯೋದು? ಎರಡನೇ ವರ್ಷ ಎಷ್ಟು ಏರಿಸಬಹುದು? 3 ತಿಂಗಳ ಡಿಪಾಸಿಟ್ ಸರಿಯೇ?

ಲೀಸ್_ಲೆಕ್ಕ:

ಎರಡೂ ಸರಿ. ಅಳೆಯುವ ಕೋಲು ಬೇರೆ ಬೇರೆ, ಅದಕ್ಕೇ ಗೊಂದಲ.

ಮನೆ ಜಾಹೀರಾತಿನ ಜಾಲತಾಣ ಜಿಲೋ (Zillow) ಕೊಡುವ ಸೂಚ್ಯಂಕ ಜಾಹೀರಾತಿನಲ್ಲಿ ಕೇಳುವ ಬಾಡಿಗೆಯನ್ನು ಅಳೆಯುತ್ತದೆ. ಉಚಿತ ತಿಂಗಳನ್ನು ಅದರಿಂದ ಕಳೆಯುವುದಿಲ್ಲ. ಕಟ್ಟಡದವರು 1,680 ಅಂತಲೇ ಬರೆದು ಎರಡು ತಿಂಗಳು ಬಿಟ್ಟುಕೊಟ್ಟರೆ ಸೂಚ್ಯಂಕದ ಕಣ್ಣಿಗೆ ಬಾಡಿಗೆ ಇಳಿದೇ ಇಲ್ಲ. ಸರ್ಕಾರದ ಹಣದುಬ್ಬರದ ಅಂಕಿಯಲ್ಲಿ ಬರುವ ಬಾಡಿಗೆ ಮತ್ತೊಂದು ಥರ. ಅದು ಹಳೆಯ ಬಾಡಿಗೆದಾರರನ್ನೂ ಸೇರಿಸಿಕೊಳ್ಳುತ್ತದೆ, ಒಂದೊಂದು ಮನೆಯನ್ನು 6 ತಿಂಗಳಿಗೊಮ್ಮೆ ಕೇಳುತ್ತದೆ. ಹಾಗಾಗಿ ಮಾರುಕಟ್ಟೆ ಇಳಿದು ಎಷ್ಟೋ ಕಾಲದ ಮೇಲೂ ಅದು ಏರುತ್ತಲೇ ಇರಬಹುದು. ಕೇಂದ್ರ ವಸತಿ ಇಲಾಖೆಯ "ಫೇರ್ ಮಾರ್ಕೆಟ್ ರೆಂಟ್" ಪ್ರತಿ ಅಕ್ಟೋಬರ್ 1ಕ್ಕೆ ಬದಲಾಗುತ್ತದೆ. ಅದರಲ್ಲಿ ಕರೆಂಟು, ನೀರು ಸೇರಿವೆ. ಅದು ಸರಾಸರಿಯೂ ಅಲ್ಲ: ನೂರು ಮನೆಗಳನ್ನು ಕಡಿಮೆ ಬಾಡಿಗೆಯಿಂದ ಜೋಡಿಸಿದರೆ 40ನೆಯದರ ಬಾಡಿಗೆ. ಇವನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಬೇಡಿ.

ಇಲ್ಲಿ ಆಗಿದ್ದು ಇಷ್ಟು. 2020–21ರಲ್ಲಿ ಸಾಲದ ಬಡ್ಡಿ ತಳ ಮುಟ್ಟಿತ್ತು, ಜನ ಬರುತ್ತಲೇ ಇದ್ದರು. ಬಿಲ್ಡರ್‌ಗಳು ಸಾಲುಸಾಲಾಗಿ ಪರವಾನಗಿ ತೆಗೆದುಕೊಂಡರು. ದೊಡ್ಡ ಅಪಾರ್ಟ್‌ಮೆಂಟ್ ಎದ್ದು ನಿಲ್ಲಲು ಒಂದೂವರೆಯಿಂದ ಎರಡು ವರ್ಷ ಬೇಕು. ಬಾಡಿಗೆ 2022ರ ಬೇಸಿಗೆಯಲ್ಲಿ ತುದಿ ಮುಟ್ಟಿತು. ಆ ಕಟ್ಟಡಗಳು ಬಾಗಿಲು ತೆರೆದದ್ದು 2023–24ರಲ್ಲಿ. ದೇಶದಾದ್ಯಂತ 2024ರಲ್ಲಿ ಮುಗಿದ ಅಪಾರ್ಟ್‌ಮೆಂಟ್‌ಗಳು ಮೂರು ದಶಕಗಳಲ್ಲೇ ಅತಿ ಹೆಚ್ಚು. ಇರುವ ಮನೆಗಳ ಪ್ರಮಾಣಕ್ಕೆ ಹೋಲಿಸಿದರೆ ರಾಲಿ, ಶಾರ್ಲಟ್, ಆಸ್ಟಿನ್, ನ್ಯಾಶ್‌ವಿಲ್ ಊರುಗಳಿಗೆ ಹೊಸ ಮನೆ ಹೆಚ್ಚಾಗಿ ಬಂದವು. ಅಷ್ಟರೊಳಗೆ ಬಡ್ಡಿ ಏರಿತ್ತು. 2022ರ ಮಾರ್ಚ್‌ನಿಂದ 2023ರ ಜುಲೈವರೆಗೆ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಬಡ್ಡಿ ಏರಿಸುತ್ತಾ ಹೋದದ್ದರಿಂದ ಹೊಸ ಅಡಿಪಾಯ ಬೀಳುವುದು ಕಡಿಮೆಯಾಯಿತು. ಅದರ ಅರ್ಥ: ಈಗಿನ ಉಚಿತ ತಿಂಗಳುಗಳು ಆ ಹಳೆಯ ಪರವಾನಗಿಗಳ ಫಲ. ಅವು ತುಂಬುತ್ತಿದ್ದಂತೆ ರಿಯಾಯಿತಿ ಕರಗುತ್ತದೆ. ಮುಂದೆ ಏನಾಗಬಹುದು ಅಂತ ನೀವೇ ನೋಡಬೇಕಿದ್ದರೆ ಸೆನ್ಸಸ್ ಬ್ಯೂರೋ ತಿಂಗಳಿಗೊಮ್ಮೆ ಕೊಡುವ ಕಟ್ಟಡ ಪರವಾನಗಿ ಪಟ್ಟಿಯಲ್ಲಿ ರಾಲಿ–ಕ್ಯಾರಿ ಸಾಲಿಗೆ ಹೋಗಿ, "5 ಅಥವಾ ಹೆಚ್ಚು ಮನೆಗಳ ಕಟ್ಟಡ" ಅನ್ನುವ ಅಂಕಣ ನೋಡಿ. ಅಲ್ಲಿ ಇಂದು ಕಾಣುವ ಸಂಖ್ಯೆ ಎರಡು ವರ್ಷದ ಮೇಲೆ ಬಾಡಿಗೆಯಲ್ಲಿ ಕಾಣುತ್ತದೆ. ಸುದ್ದಿ ಶೀರ್ಷಿಕೆಗಿಂತ ಇದನ್ನೇ ನಾನು ನಂಬುತ್ತೇನೆ.

ಈಗ ನಿಮ್ಮ ಲೆಕ್ಕ.

1,680 × 12 = 20,160. ಇದನ್ನು 14ರಿಂದ ಭಾಗಿಸಿದರೆ ತಿಂಗಳಿಗೆ 1,440. ಲೀಸಿಂಗ್ ಆಫೀಸಿನವರು ಹೇಳುವುದು ಇದನ್ನೇ, "ನೆಟ್ ಎಫೆಕ್ಟಿವ್" ಅಂತ. ಆದರೆ ಕಡ್ಡಾಯ ಶುಲ್ಕ ಉಚಿತ ತಿಂಗಳಲ್ಲೂ ಸಾಮಾನ್ಯವಾಗಿ ಬೀಳುತ್ತದೆ: 110 × 14 = 1,540. ಅಲ್ಲಿಗೆ 21,700, ತಿಂಗಳಿಗೆ 1,550. ಅರ್ಜಿ ಮತ್ತು ಅಡ್ಮಿನ್ ಶುಲ್ಕದ 350 ಡಾಲರನ್ನೂ ಹಂಚಿದರೆ 1,575. ಟೌನ್‌ಹೋಮಿನ ಜೊತೆ ಹೋಲಿಸಬೇಕಾದದ್ದು ಈ 1,575ನ್ನು.

ಎರಡನೇ ವರ್ಷದ ಏರಿಕೆ 1,440ರ ಮೇಲೆ ಬರುವುದಿಲ್ಲ, 1,680ರ ಮೇಲೆ ಬರುತ್ತದೆ. ಕೈ ಕಚ್ಚುವುದು ಇಲ್ಲಿ. ಬರೀ 3% ಏರಿಸಿದರೂ 1,730. ಅವರ ಕಾಗದದಲ್ಲಿ 3%, ನಿಮ್ಮ ಜೇಬಿಗೆ 20%. ಇದೇ ಮನೆಯನ್ನು ಉಚಿತ ತಿಂಗಳಿಲ್ಲದೆ 1,500ಕ್ಕೆ ಕೊಟ್ಟರೆ ಮೊದಲ 14 ತಿಂಗಳಿಗೆ 840 ಡಾಲರ್ ಹೆಚ್ಚಾಗುತ್ತದೆ. ಆದರೆ ಮುಂದಿನ 12 ತಿಂಗಳನ್ನೂ ಸೇರಿಸಿ, ಅಲ್ಲೂ 3% ಏರಿಕೆಯನ್ನೇ ಹಿಡಿದರೆ, ಒಟ್ಟು 39,540. ಉಚಿತ ತಿಂಗಳ ದಾರಿಯಲ್ಲಿ 40,920. ಎರಡು ವರ್ಷ ಇರುವವರಿಗೆ 1,500ರ ದಾರಿಯಲ್ಲಿ 1,380 ಡಾಲರ್ ಉಳಿತಾಯ. ಒಂದೇ ಅವಧಿ ಇದ್ದು ಹೊರಡುವವರಿಗೆ ಉಚಿತ ತಿಂಗಳೇ ಲಾಭ.

ಮೂಲ ಬಾಡಿಗೆ ಇಳಿಸಿ ಅಂದರೆ ಅವರು ಸುಲಭಕ್ಕೆ ಒಪ್ಪುವುದಿಲ್ಲ. ಇದು ಹಟವಲ್ಲ, ಬ್ಯಾಂಕಿನ ಲೆಕ್ಕ. 300 ಮನೆಯ ಕಟ್ಟಡದಲ್ಲಿ ತಿಂಗಳಿಗೆ 100 ಡಾಲರ್ ಇಳಿಸಿದರೆ ವರ್ಷದ ಆದಾಯ 3,60,000 ಡಾಲರ್ ಕಡಿಮೆ. 5% ಆದಾಯದ ದರದಲ್ಲಿ ಬೆಲೆ ಕಟ್ಟುವವರ ಕಣ್ಣಿಗೆ ಕಟ್ಟಡದ ಮೌಲ್ಯ 72 ಲಕ್ಷ ಡಾಲರ್ (3,60,000 ÷ 0.05) ಕುಸಿಯಿತು. ಉಚಿತ ತಿಂಗಳು ಹಾಗಲ್ಲ, ಒಂದು ಸಲದ ಖರ್ಚು ಅಂತ ಬರೆದು ಮುಗಿಸಬಹುದು. ಹೊಸ ಕಟ್ಟಡ ಸುಮಾರು 90–95% ತುಂಬುವ ತನಕ ನಿರ್ಮಾಣ ಸಾಲವನ್ನು ದೀರ್ಘಾವಧಿ ಸಾಲಕ್ಕೆ ಬದಲಿಸುವುದು ಕಷ್ಟ. ಅಲ್ಲಿಯವರೆಗೆ ಧಾರಾಳ ರಿಯಾಯಿತಿ, ತುಂಬಿದ ಮೇಲೆ ಬಿಗಿ.

ವೇಕ್_ಕೌಂಟಿ_ಅಮ್ಮ:

ಮೇಲಿನ ಲೆಕ್ಕ ಸರಿಯಾಗಿದೆ. ನಾನು ತಾರೀಖಿನ ಬಗ್ಗೆ ಹೇಳ್ತೀನಿ, ಮಗು ಇರೋ ಮನೆಗೆ ಅದೂ ಅಷ್ಟೇ ಮುಖ್ಯ.

ಇಲ್ಲಿ ಮನೆ ಹುಡುಕಾಟ ಜೋರಾಗಿರೋದು ಮೇ ತಿಂಗಳಿಂದ ಆಗಸ್ಟ್‌ವರೆಗೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಖಾಲಿ ಬಿದ್ದ ಮನೆ ತುಂಬೋದು ಕಷ್ಟ. ಅದಕ್ಕೇ ಕಟ್ಟಡದವರು 13, 14, 15 ತಿಂಗಳ ಲೀಸ್ ಮುಂದಿಡ್ತಾರೆ, ನಿಮ್ಮ ಲೀಸ್ ಚಳಿಗಾಲದಲ್ಲಿ ಮುಗೀಬಾರದು ಅಂತ. ಫೆಬ್ರವರಿ ಮಧ್ಯದಲ್ಲಿ ಶುರುವಾದ 14 ತಿಂಗಳು ಏಪ್ರಿಲ್ ಮಧ್ಯಕ್ಕೆ ಮುಗಿಯುತ್ತೆ. ಆ ಹೊತ್ತಿಗೆ ಬೇಡಿಕೆ ಏರೋಕೆ ಶುರುವಾಗಿರುತ್ತೆ, ಶಾಲೆ ಇನ್ನೂ ಮುಗಿದಿರಲ್ಲ. ನಿಮಗೆ ಎರಡು ಕಡೆಯಿಂದಲೂ ಅನಾನುಕೂಲ.

ಅದೇ ಮನೇಲಿ ಮುಂದುವರಿಯೋ ಯೋಚನೆ ಇದ್ದರೆ 12 ತಿಂಗಳು ಕೇಳಿ. ಫೆಬ್ರವರಿಯಲ್ಲಿ ಮುಗಿದರೆ ನವೀಕರಣದ ಮಾತುಕತೆಯಲ್ಲಿ ನಿಮ್ಮ ಕೈ ಮೇಲಿರುತ್ತೆ. ಒಂದು ಅವಧಿ ಮುಗಿಸಿ ಬೇರೆ ಮನೆಗೆ ಹೋಗೋದಾದರೆ 16 ತಿಂಗಳು ಕೇಳಿ, ಜೂನ್ ಮಧ್ಯಕ್ಕೆ ಮುಗಿಯುತ್ತೆ. ಮಾಮೂಲಿ ಕ್ಯಾಲೆಂಡರಿನ ಶಾಲೆ ಆ ಹೊತ್ತಿಗೆ ರಜೆ ಕೊಟ್ಟಿರುತ್ತೆ. ಒಂದೊಂದು ಅವಧಿಗೂ ಬಾಡಿಗೆ ಬೇರೆ ಇರುತ್ತೆ. 12ರಿಂದ 16ರವರೆಗಿನ ದರಪಟ್ಟಿ ಪೂರ್ತಿ ಕಳಿಸಿ ಅಂತ ಇಮೇಲ್‌ನಲ್ಲಿ ಕೇಳಿ. ದರ ಕೂರಿಸೋದು ಸಾಫ್ಟ್‌ವೇರ್, ದಿನದಿಂದ ದಿನಕ್ಕೆ ಬದಲಾಗುತ್ತೆ. ಕೊಟ್ಟ ದರ ಎಷ್ಟು ಗಂಟೆ ಊರ್ಜಿತ ಅಂತಲೂ ಬರೆಸ್ಕೊಳ್ಳಿ. (ಈ ದರ ಸಾಫ್ಟ್‌ವೇರ್ ವಿಚಾರವಾಗಿಯೇ ಕೇಂದ್ರ ನ್ಯಾಯ ಇಲಾಖೆ, ನಾರ್ತ್ ಕ್ಯಾರೊಲೈನಾ ಮತ್ತೆ ಇನ್ನಷ್ಟು ರಾಜ್ಯಗಳ ಜೊತೆ ಸೇರಿ 2024ರ ಆಗಸ್ಟ್‌ನಲ್ಲಿ ಅಂಥ ಸಾಫ್ಟ್‌ವೇರ್ ಮಾಡೋ ರಿಯಲ್‌ಪೇಜ್ ಕಂಪನಿ ಮೇಲೆ ಇದೇ ರಾಜ್ಯದ ಫೆಡರಲ್ ಕೋರ್ಟಲ್ಲಿ ದಾವೆ ಹೂಡಿತು.)

ಶಾಲೆ: ರಾಲಿ, ಏಪೆಕ್ಸ್ ಇರೋ ವೇಕ್ ಕೌಂಟಿಯಲ್ಲಿ ಶಾಲೆ ನಿಗದಿಯಾಗೋದು ಮನೆ ವಿಳಾಸದ ಮೇಲೆ. ಊರ ಹೆಸರು ನೋಡಿ ಮೋಸ ಹೋಗಬೇಡಿ. ಮೋರಿಸ್‌ವಿಲ್ ಅಂತ ವಿಳಾಸ ಇದ್ದರೂ ಕೆಲವು ಮನೆಗಳು ಡರಮ್ ಕೌಂಟಿಗೆ ಸೇರ್ತವೆ, ಅಲ್ಲಿಗೆ ಶಾಲಾ ವ್ಯವಸ್ಥೆಯೇ ಬೇರೆ. ಕೌಂಟಿಯ ಶಾಲಾ ವ್ಯವಸ್ಥೆಯ ವೆಬ್‌ಸೈಟಿನಲ್ಲಿ ವಿಳಾಸ ಹಾಕಿ "ಬೇಸ್ ಸ್ಕೂಲ್" ನೋಡಿ, ಆಮೇಲೆ ಆ ಶಾಲೆಗೆ "ಕ್ಯಾಪ್" ಇದೆಯಾ ಅಂತ ನೋಡಿ. ಮಕ್ಕಳು ಹೆಚ್ಚಾದ ಶಾಲೆಗೆ ಮಿತಿ ಹಾಕಿರ್ತಾರೆ. ಆಗ ಹೊಸದಾಗಿ ಬಂದ ಮಗುವನ್ನು ಬೇರೆ "ಓವರ್‌ಫ್ಲೋ" ಶಾಲೆಗೆ ಕಳಿಸಬಹುದು, ಮನೆ ಎದುರಿಗೇ ಶಾಲೆ ಇದ್ದರೂ. "ಒಳ್ಳೇ ಶಾಲೆ ಪಕ್ಕದಲ್ಲೇ" ಅಂತ ತಿಂಗಳಿಗೆ 150 ಡಾಲರ್ ಜಾಸ್ತಿ ಕೊಟ್ಟು, ಆ ಶಾಲೆ ಸಿಗದೇ ಹೋದರೆ ಆ ದುಡ್ಡು ನೀರಲ್ಲಿ ಹೋಮ. ಸೇರಿಸೋಕೆ ಸಹಿಯಾದ ಲೀಸ್ ಅಥವಾ ವಿಳಾಸದ ಪುರಾವೆ, ಮಗುವಿನ ಜನನ ಪ್ರಮಾಣಪತ್ರ, ಲಸಿಕೆ ದಾಖಲೆ ಬೇಕು. ಲಸಿಕೆ ಪುಸ್ತಕವನ್ನು ಕೈಚೀಲದಲ್ಲಿ ತನ್ನಿ, ಸೂಟ್‌ಕೇಸಿನಲ್ಲಿ ಬೇಡ.

ಕರಾರು_ಓದಿ:

ಡಿಪಾಸಿಟ್ ಬಗ್ಗೆ. ಮೂರು ತಿಂಗಳು ಕೇಳುವಂತಿಲ್ಲ. ನಾರ್ತ್ ಕ್ಯಾರೊಲೈನಾದ ಡಿಪಾಸಿಟ್ ಕಾಯ್ದೆಯ ಪ್ರಕಾರ ತಿಂಗಳು-ತಿಂಗಳ ಬಾಡಿಗೆಗೆ ಒಂದೂವರೆ ತಿಂಗಳು, ಅದಕ್ಕಿಂತ ದೀರ್ಘ ಲೀಸ್‌ಗೆ ಹೆಚ್ಚೆಂದರೆ ಎರಡು ತಿಂಗಳು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿ ಬಂದವರಿಗೆ ಮೂರು ತಿಂಗಳು ಕಡಿಮೆ ಅನ್ನಿಸಿ "ಆಯ್ತು" ಅಂದುಬಿಡುತ್ತಾರೆ. ಹಾಗೆ ಒಪ್ಪಬೇಡಿ. ನಿಮ್ಮ ಟೌನ್‌ಹೋಮಿಗೆ ಮಿತಿ 4,300 ಡಾಲರ್.

ಆ ಹಣವನ್ನು ಮಾಲೀಕರು ಬ್ಯಾಂಕಿನ ಟ್ರಸ್ಟ್ ಖಾತೆಯಲ್ಲಿ ಇಡಬೇಕು, ಇಲ್ಲವೇ ಬಾಂಡ್ ಮಾಡಿಸಿರಬೇಕು. ಲೀಸ್ ಶುರುವಾದ 30 ದಿನದೊಳಗೆ ಬ್ಯಾಂಕಿನ ಹೆಸರು, ವಿಳಾಸ ಅಥವಾ ಬಾಂಡ್ ಕೊಟ್ಟ ವಿಮಾ ಕಂಪನಿಯ ಹೆಸರನ್ನು ನಿಮಗೆ ತಿಳಿಸಬೇಕು. ಮನೆ ಬಿಟ್ಟ 30 ದಿನದೊಳಗೆ ಏನೇನು ಕಳೆದಿದ್ದಾರೆ ಎಂಬ ಪಟ್ಟಿ ಸಮೇತ ಬಾಕಿ ಹಣ ವಾಪಸು. ಹಾನಿಯ ಲೆಕ್ಕ ಅಷ್ಟರಲ್ಲಿ ಮುಗಿಯದಿದ್ದರೆ 30 ದಿನಕ್ಕೆ ಮಧ್ಯಂತರ ಲೆಕ್ಕ, 60 ದಿನಕ್ಕೆ ಅಂತಿಮ ಲೆಕ್ಕ. ಸಹಜ ಸವೆತಕ್ಕೆ ಕಳೆಯುವಂತಿಲ್ಲ. ನಮ್ಮಲ್ಲಿ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ಪದ್ಧತಿ ಇದೆಯಲ್ಲ, ಸಹಜವಾಗಿ ಮಾಸಿದ ಗೋಡೆಗೆ ಇಲ್ಲಿ ಅದು ನಡೆಯುವುದಿಲ್ಲ. ಮನೆ ಬಿಡುವಾಗ ಹೊಸ ವಿಳಾಸವನ್ನು ಬರವಣಿಗೆಯಲ್ಲಿ ಕೊಡಿ. ಕೊಡದಿದ್ದರೆ ಚೆಕ್ ಎಲ್ಲಿಗೆ ಹೋಯಿತು ಅಂತ ಹುಡುಕಬೇಕಾಗುತ್ತದೆ.

ಡಿಪಾಸಿಟ್ ಬದಲು ತಿಂಗಳಿಗೆ 25–30 ಡಾಲರ್ ಕಟ್ಟಿ ಅನ್ನುವ ಯೋಜನೆಗಳೂ ಇವೆ. ಆ ಹಣ ವಾಪಸು ಬರುವುದಿಲ್ಲ. ಹಾನಿಯಾದರೆ ವಿಮಾ ಕಂಪನಿ ಮಾಲೀಕರಿಗೆ ಕಟ್ಟಿ, ಆಮೇಲೆ ನಿಮ್ಮಿಂದಲೇ ವಸೂಲಿ ಮಾಡುತ್ತದೆ. ಕೈಯಲ್ಲಿ ದುಡ್ಡಿದ್ದರೆ ಡಿಪಾಸಿಟ್ಟೇ ಒಳ್ಳೆಯದು.

ಇನ್ನು ಸಹಿ ಹಾಕುವ ಮುನ್ನ ಓದಲೇಬೇಕಾದ ಷರತ್ತುಗಳು.

ನೋಟಿಸ್: ಬಹಳ ಅಪಾರ್ಟ್‌ಮೆಂಟ್ ಲೀಸ್‌ಗಳಲ್ಲಿ ಬಿಡುವ 60 ದಿನ ಮೊದಲೇ ತಿಳಿಸಬೇಕು ಅಂತಿರುತ್ತದೆ. ಲೀಸ್ ಮುಗಿಯುವ ದಿನ ಗೊತ್ತೇ ಇದೆಯಲ್ಲ ಅಂತ ಸುಮ್ಮನಿದ್ದರೆ ಅದು ತಿಂಗಳು-ತಿಂಗಳ ಲೀಸ್ ಆಗಿ ಬದಲಾಗಿ, ದರ ನೂರಾರು ಡಾಲರ್ ಜಿಗಿಯುತ್ತದೆ. ಲೀಸ್ ಮುಗಿಯಲು 75 ದಿನ ಇರುವಾಗಿನ ತಾರೀಖಿಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ತಡ ಶುಲ್ಕ: 5 ದಿನ ತಡವಾದ ಮೇಲೆ ಮಾತ್ರ. 15 ಡಾಲರ್ ಅಥವಾ ಬಾಡಿಗೆಯ 5%, ಯಾವುದು ಹೆಚ್ಚೋ ಅದು. 1,680ಕ್ಕೆ 84 ಡಾಲರ್. ಭಾರತದಿಂದ ಹಣ ತರಿಸಿ ಮೊದಲ ಬಾಡಿಗೆ ಕಟ್ಟುವವರು ವರ್ಗಾವಣೆಗೆ ವಾರದ ಮುಂಚೆಯೇ ಕೊಡಿ.

ರಿಯಾಯಿತಿಯ ಪುರವಣಿ: ಉಚಿತ ತಿಂಗಳಿಗೆ ಪ್ರತ್ಯೇಕ ಪುಟ ಇರುತ್ತದೆ. ಅವಧಿಗೆ ಮುಂಚೆ ಬಿಟ್ಟರೆ ರಿಯಾಯಿತಿ ಪೂರ್ತಿ ವಾಪಸು ಕೊಡಬೇಕು ಅಂತ ಬಹುಪಾಲು ಅದರಲ್ಲಿ ಬರೆದಿರುತ್ತದೆ. ನಿಮಗೆ ಮೊದಲ ಎರಡು ತಿಂಗಳಲ್ಲೇ ಉಚಿತ ಕೊಡುತ್ತಿದ್ದಾರೆ, ಹತ್ತನೇ ತಿಂಗಳಲ್ಲಿ ವರ್ಗವಾದರೆ 3,360 ಡಾಲರ್ ವಾಪಸು. ಕಂಪನಿ ವರ್ಗ ಮಾಡಿತು ಎಂಬುದು ಈ ರಾಜ್ಯದಲ್ಲಿ ಲೀಸ್ ಮುರಿಯುವ ಹಕ್ಕು ಕೊಡುವುದಿಲ್ಲ. ವರ್ಗದ ಸಾಧ್ಯತೆ ಇದ್ದರೆ ರಿಯಾಯಿತಿಯನ್ನು 14 ತಿಂಗಳಿಗೂ ಹಂಚಿಸಿಕೊಳ್ಳಿ, ಅವಧಿಗೆ ಮುಂಚೆ ಬಿಡುವ ಶುಲ್ಕ ಇಷ್ಟೇ ಅಂತ ಸಂಖ್ಯೆಯಲ್ಲಿ ಬರೆಸಿ.

ಒಂದು ಎಚ್ಚರಿಕೆ. ಹೀಟರ್ ಕೆಟ್ಟಿದೆ, ರಿಪೇರಿ ಮಾಡಲಿಲ್ಲ ಅಂತ ಬಾಡಿಗೆ ತಡೆಹಿಡಿಯಬೇಡಿ. ಮನೆ ವಾಸಯೋಗ್ಯವಾಗಿಡುವುದು ಮಾಲೀಕರ ಕರ್ತವ್ಯ, ಸರಿ. ಆದರೆ ನ್ಯಾಯಾಲಯ ಹೇಳುವ ಮುನ್ನ ತಾವಾಗಿಯೇ ಬಾಡಿಗೆ ನಿಲ್ಲಿಸುವಂತಿಲ್ಲ ಅಂತ ಅದೇ ಕಾನೂನಿನಲ್ಲಿದೆ. ಬಾಡಿಗೆ ಕಟ್ಟುತ್ತಾ, ದೂರನ್ನು ಬರವಣಿಗೆಯಲ್ಲಿ ಕೊಡುತ್ತಾ ಹೋಗಿ, ಆಮೇಲೆ ಮ್ಯಾಜಿಸ್ಟ್ರೇಟ್ ಬಳಿ ಸ್ಮಾಲ್ ಕ್ಲೇಮ್ಸ್ (ಸಣ್ಣ ಮೊತ್ತದ ದಾವೆ). ಹೊರಹಾಕುವ ಕೇಸು ಒಮ್ಮೆ ದಾಖಲಾದರೆ ಮುಂದಿನ ಮನೆಗೆ ಅರ್ಜಿ ಹಾಕಿದಾಗ ಅದು ಕಾಣುತ್ತದೆ.

ಏರಿಕೆಗೆ ಮಿತಿ ಕೇಳಿದಿರಿ. ಇಲ್ಲ. ಊರುಗಳು ಬಾಡಿಗೆ ನಿಯಂತ್ರಣ ತರುವುದನ್ನು ರಾಜ್ಯ 1987ರಿಂದಲೇ ನಿಷೇಧಿಸಿದೆ. ಲೀಸ್‌ನಲ್ಲಿ ಬರೆಸಿದ್ದಷ್ಟೇ ನಿಮಗೆ ರಕ್ಷಣೆ.

ರಾಲಿಗೆ_ಹೊಸಬ:

ಎಲ್ಲರಿಗೂ ತುಂಬಾ ಧನ್ಯವಾದ. ಅಪಾರ್ಟ್‌ಮೆಂಟಿನವರು ಮೂಲ ಬಾಡಿಗೆ ಇಳಿಸಲ್ಲ ಅಂದರು, 16 ತಿಂಗಳ ಲೀಸ್‌ಗೂ 2 ತಿಂಗಳು ಉಚಿತ ಕೊಡ್ತಾರಂತೆ. ಟೌನ್‌ಹೋಮ್ ಮಾಲೀಕರು ಡಿಪಾಸಿಟ್ ಎರಡು ತಿಂಗಳಿಗೆ ಒಪ್ಪಿದ್ದಾರೆ. ಮನೆ ನೋಡದೆ ಇಲ್ಲಿಂದಲೇ ದುಡ್ಡು ಕಳಿಸಬೇಕಂತೆ. ಅದರಲ್ಲಿ ಏನು ನೋಡಿಕೊಳ್ಳಬೇಕು?

ಏಪೆಕ್ಸ್_ಸೂರು:

ನೋಡದೆ ದುಡ್ಡು ಕಳಿಸಬೇಡಿ. ಇದು ಮೊದಲನೇ ಮಾತು. ಮಾರಾಟಕ್ಕಿಟ್ಟ ಮನೆಯ ಫೋಟೋ ಕದ್ದು ಬಾಡಿಗೆಗಿದೆ ಅಂತ ಹಾಕೋ ವಂಚನೆ ಬಹಳ ಇದೆ, ವಿದೇಶದಿಂದ ಬರೋರೇ ಅವರ ಗುರಿ. ವೇಕ್ ಕೌಂಟಿಯ ಆಸ್ತಿ ದಾಖಲೆ ಆನ್‌ಲೈನ್‌ನಲ್ಲಿ ಎಲ್ಲರಿಗೂ ತೆರೆದಿದೆ. ವಿಳಾಸ ಹಾಕಿದರೆ ಮಾಲೀಕರ ಹೆಸರು ಬರುತ್ತೆ. ಲೀಸ್‌ನಲ್ಲಿರೋ ಹೆಸರು ಅದಕ್ಕೆ ಹೊಂದಬೇಕು. ಬೇರೆಯವರ ಪರವಾಗಿ ಮನೆ ನೋಡಿಕೊಳ್ಳೋ ಏಜೆಂಟ್ ಆದರೆ ರಾಜ್ಯದ ರಿಯಲ್ ಎಸ್ಟೇಟ್ ಕಮಿಷನ್‌ನ ಲೈಸೆನ್ಸ್ ಇರಬೇಕು, ಅದನ್ನೂ ಆನ್‌ಲೈನ್‌ನಲ್ಲಿ ನೋಡಬಹುದು. ನಿಮ್ಮ ಪರವಾಗಿ ಪರಿಚಯದವರೊಬ್ಬರು ಒಳಗೆ ಹೋಗಿ ವಿಡಿಯೋ ಕಾಲ್ ಮಾಡಲಿ: ನಲ್ಲಿ ಬಿಟ್ಟು, ಹೀಟರ್ ಹಾಕಿ, ಸಿಂಕ್ ಕೆಳಗೆ ತೋರಿಸಲಿ.

ಹೆಸರು ಹೊಂದಿದರೂ ಕೇಳಬೇಕಾದ್ದು ಇನ್ನೂ ಇದೆ. 3% ಬಡ್ಡಿಗೆ ಸಾಲ ತಗೊಂಡವರು 2023ರ ಅಕ್ಟೋಬರ್‌ನಲ್ಲಿ ಬಡ್ಡಿ 8% ಹತ್ತಿರ ಹೋದಾಗ ಮನೆ ಮಾರೋ ಬದಲು ಬಾಡಿಗೆಗೆ ಕೊಟ್ಟರು. ಇಂಥ ಮಾಲೀಕರು ಇಲ್ಲಿ ಸುಮಾರು ಜನ. ಇವರ ಬಾಡಿಗೆ ಸಾಮಾನ್ಯವಾಗಿ ಸ್ಥಿರ, ಅನಗತ್ಯ ಶುಲ್ಕ ಇಲ್ಲ. ಆದರೆ ಒಳ್ಳೆ ಬೆಲೆ ಸಿಕ್ಕಿದ ದಿನ ಮಾರ್ತಾರೆ. ಲೀಸ್ ನಡುವೆ ಮಾರಿದರೆ 60 ದಿನದಲ್ಲಿ ಖಾಲಿ ಮಾಡಬೇಕು ಅನ್ನೋ ಷರತ್ತು ಇದ್ದರೆ ತೆಗೆಸಿ. ಅಂಥ ಷರತ್ತು ಇಲ್ಲದಿದ್ದರೆ ಒಂದು ವರ್ಷದ ಲೀಸ್ ಹೊಸ ಮಾಲೀಕರಿಗೂ ಅನ್ವಯಿಸುತ್ತೆ.

ಮನೆಮಾಲೀಕರ ಸಂಘದ ನಿಯಮ ಕೇಳಿ. ಎಷ್ಟು ಮನೆ ಬಾಡಿಗೆಗೆ ಕೊಡಬಹುದು ಅಂತ ಕೆಲವು ಸಂಘಗಳು ಮಿತಿ ಹಾಕಿವೆ. ಅನುಮತಿ ಇದೆ ಅಂತ ಮಾಲೀಕರಿಂದ ಬರವಣಿಗೆಯಲ್ಲಿ ತಗೊಳ್ಳಿ. ಪಾರ್ಕಿಂಗ್, ಕಸದ ಡಬ್ಬಿಯ ದಂಡ ಸಂಘದಿಂದ ಬರುತ್ತೆ, ಲೀಸ್ ಮೂಲಕ ನಿಮ್ಮ ತಲೆಗೇ ಕಟ್ಟುತ್ತೆ.

ಖರ್ಚಿನ ಲೆಕ್ಕಕ್ಕೆ 2,150ರ ಮೇಲೆ ನೀರು, ಕಸ, ಕರೆಂಟು, ಗ್ಯಾಸ್ ಸೇರಿಸಿ. ಏಪೆಕ್ಸ್‌ನಿಂದ ಟ್ರಯಾಂಗಲ್ ಪಾರ್ಕಿಗೆ ವೇಗದ ದಾರಿ 540 ಹೆದ್ದಾರಿ, ಅದಕ್ಕೆ ಟೋಲ್. ದಿನಾ ಹೋಗಿಬರೋರಿಗೆ ಎನ್‌ಸಿ ಕ್ವಿಕ್ ಪಾಸ್ (ಫಾಸ್ಟ್ಯಾಗ್ ಥರದ್ದು) ಇಲ್ಲದಿದ್ದರೆ ಬಿಲ್ ಮನೆಗೆ ಬರುತ್ತೆ, ದರವೂ ಹೆಚ್ಚು. ಮೋರಿಸ್‌ವಿಲ್‌ನಿಂದ ಈ ಖರ್ಚಿಲ್ಲ.

ರಿಪೇರಿ ಭಾಗ ತಪ್ಪದೆ ನೋಡಿ. ಇಲ್ಲಿ ಬೇಸಿಗೆ ತುಂಬಾ ತೇವ. ನೆಲದಡಿ ಟೊಳ್ಳು ಜಾಗ ಇರೋ ಮನೆಯಲ್ಲಿ ತೇವ ಕೂತು ಬೂಷ್ಟು ಮೇಲೆ ಬರುತ್ತೆ, ಕಪಾಟಿನ ಬಟ್ಟೆ ವಾಸನೆ ಹೊಡೆಯುತ್ತೆ. ಕೆಳ ಅಂತಸ್ತಿನ ಕಪಾಟು, ಕಿಟಕಿ ಮೂಲೆ, ಎಸಿ ಯಂತ್ರದ ಕೆಳಗಿನ ತಟ್ಟೆ ತೋರಿಸಿ ಅಂತ ಹೇಳಿ. ಎಸಿ ಫಿಲ್ಟರ್ ಬದಲಿಸೋದು ಬಾಡಿಗೆದಾರರ ಕೆಲಸ ಅಂತ ಬಹುತೇಕ ಲೀಸ್‌ನಲ್ಲಿರುತ್ತೆ: ಒಂದು ಇಂಚಿನದಾದರೆ 1ರಿಂದ 3 ತಿಂಗಳಿಗೊಮ್ಮೆ. ಒಗ್ಗರಣೆ ಜಾಸ್ತಿ ಇರೋ ನಮ್ಮ ಅಡುಗೆಗೆ ತಿಂಗಳಿಗೊಮ್ಮೆಯೇ ಬದಲಿಸಿ. ಅದು ಕಟ್ಟಿಕೊಂಡರೆ ಸುರುಳಿ ಮೇಲೆ ಮಂಜು ಹಿಡಿದು ತಂಪು ನಿಲ್ಲುತ್ತೆ, ರಿಪೇರಿ ಬಿಲ್ ನಿಮಗೆ ಬರುತ್ತೆ. ಒಲೆ ಮೇಲಿನ ಫ್ಯಾನು ಹೊಗೆಯನ್ನ ಹೊರಗೆ ಬಿಡುತ್ತಾ, ಬರೀ ಒಳಗೇ ಸುತ್ತಿಸುತ್ತಾ ಅಂತ ಕೇಳಿ. ಒಳಗೇ ಸುತ್ತಿಸೋದಾದರೆ ಎಣ್ಣೆ ಗೋಡೆಗೆ ಕೂರುತ್ತೆ, ಆಮೇಲೆ ಅದು ಸಹಜ ಸವೆತವಾ ಹಾನಿಯಾ ಅಂತ ಜಗಳ.

ಲೀಸ್_ಲೆಕ್ಕ:

16 ತಿಂಗಳಿಗೆ 2 ತಿಂಗಳು ಉಚಿತ: 1,680 × 14 = 23,520; ತಿಂಗಳಿಗೆ 1,470. ಶುಲ್ಕ 110 ಸೇರಿ 1,580, ಒಂದು ಸಲದ 350 ಹಂಚಿದರೆ 1,602. 14 ತಿಂಗಳ ಲೆಕ್ಕಕ್ಕಿಂತ 27 ಡಾಲರ್ ಹೆಚ್ಚು, ಆದರೆ ಲೀಸ್ ಜೂನ್‌ನಲ್ಲಿ ಮುಗಿಯುತ್ತದೆ. ಮಗಳ ಶಾಲೆ ನೋಡಿದರೆ ನಾನು ಇದನ್ನೇ ಆರಿಸುತ್ತಿದ್ದೆ. ಟೌನ್‌ಹೋಮ್ ಇದಕ್ಕಿಂತ ತಿಂಗಳಿಗೆ 550 ಡಾಲರ್ ಹತ್ತಿರ ಮೇಲೆ ಬರುತ್ತದೆ, ಟೋಲ್ ಸೇರಿಸದೆ. ಹೊಸ ಊರಿನಲ್ಲಿ ಮೊದಲ ಮನೆಗೆ ಅಷ್ಟು ಕೊಡಬೇಕಾಗಿಲ್ಲ.

ಇನ್ನೊಂದು, ಆದಾಯದ ಷರತ್ತು: ಬಾಡಿಗೆಯ 3 ಪಟ್ಟು ಅಂತಾರೆ. ಅದನ್ನು ನೋಡುವುದು 1,680ರ ಮೇಲೆ, ತಿಂಗಳಿಗೆ ತೆರಿಗೆಗೆ ಮುಂಚೆ 5,040 ಡಾಲರ್. ಆಫರ್ ಲೆಟರ್‌ನಲ್ಲಿ ವಾರ್ಷಿಕ ಸಂಬಳ, ಸೇರುವ ತಾರೀಖು ಸ್ಪಷ್ಟ ಇರಲಿ. ಸೋಶಿಯಲ್ ಸೆಕ್ಯುರಿಟಿ ನಂಬರ್ ಬರುವ ಮುನ್ನ ಪಾಸ್‌ಪೋರ್ಟ್ ಮತ್ತು ವೀಸಾ ಮೇಲೆ ಅರ್ಜಿ ತಗೊಳ್ಳುತ್ತಾರಾ ಅಂತ 75 ಡಾಲರ್ ಕಟ್ಟುವ ಮೊದಲೇ ಕೇಳಿ, ತಿರಸ್ಕಾರವಾದರೆ ಅದು ವಾಪಸು ಬರುವುದಿಲ್ಲ.

ಇವತ್ತು ಅವರಿಗೆ ಇಮೇಲ್ ಮಾಡಿ. ಮೂಲ ಬಾಡಿಗೆ ಬಿಡದವರು ಶುಲ್ಕ ಬಿಡುತ್ತಾರೆ, ಏಕೆಂದರೆ ಶುಲ್ಕ ಬಾಡಿಗೆಯ ಪಟ್ಟಿಗೆ ಸೇರುವುದಿಲ್ಲ. ಅಡ್ಮಿನ್ ಶುಲ್ಕ 200 ಮನ್ನಾ, ಮೊದಲ ನವೀಕರಣದ ಏರಿಕೆ 3%ಗೆ ಮೀರಬಾರದು, ರಿಯಾಯಿತಿ ಪ್ರತಿ ತಿಂಗಳಿಗೆ ಹಂಚಿಕೆ, ಈ ಮೂರನ್ನೂ ಒಂದೇ ಇಮೇಲ್‌ನಲ್ಲಿ ಕೇಳಿ. ಹೊಸ ಕಟ್ಟಡ, ಫೆಬ್ರವರಿ ತಿಂಗಳು. ಮೂರರಲ್ಲಿ ಎರಡಾದರೂ ಸಿಗುವ ಸಂಭವ ಇದೆ. ಹೂಂ ಅಂದರೆ ಲೀಸ್‌ನ ಪುರವಣಿಯಲ್ಲಿ ಆ ಸಾಲು ಬಂದಿದೆಯೇ ನೋಡಿ, ಆಮೇಲೆ ಸಹಿ ಹಾಕಿ.